ಅಂಗಡಿ ಮುಂದೆ ನಿಂತ ವ್ಯಾನು

"ಮೊದಲು ಗಾಡಿ ತೆಗೀರಿ ಇಲ್ಲಿಂದ!"

ಟೈಲರ್ ಹುಡುಗಿ ಕತ್ತರಿ ಹಿಡಿದೇ ಅಂಗಡಿಯಿಂದ ಹೊರಬಂದಿದ್ದಳು. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡುವ ವ್ಯಾನು ಅವಳ ಬಾಗಿಲೆದುರೇ ನಿಂತಿತ್ತು. ಒಳಗೆ ಡಾಕ್ಟರಮ್ಮ, ಹೊರಗೆ ಡ್ರೈವರ್.

"ಕತ್ತರಿ ಕೆಳಗಿಡಿ, ತೆಗೀತೀನಿ," ಅವನು ನಕ್ಕ.

ಆ ನಗು ಹಿಡಿಸಲಿಲ್ಲ... ಎಲ್ಲಿ ಹಿಡಿಸಿಬಿಡುತ್ತದೋ ಎಂಬ ಭಯ ಬೇರೆ!

ಮನೆಯಲ್ಲಿ ಅವಳ ಅಕ್ಕನಿದ್ದಳು. ಹುಟ್ಟಿದ ಮಗು ತೀರಿಕೊಂಡ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಆಸ್ಪತ್ರೆ ದೂರ. ವಿಷಯ ಯಾರ ಕಿವಿಗೂ ಬೀಳದಂತೆ ತಂಗಿ ಕಾಯುತ್ತಿದ್ದಳು.

ಒಂದು ಮಧ್ಯಾಹ್ನ ನೋಡಿದರೆ, ಅಕ್ಕ ಆ ವ್ಯಾನಿನಿಂದ ಇಳಿಯುತ್ತಿದ್ದಾಳೆ! ಡ್ರೈವರ್ ಕೈಹಿಡಿದು ಇಳಿಸುತ್ತಿದ್ದಾನೆ!

'ಇವನೇ ಪುಸಲಾಯಿಸಿರಬೇಕು. ಇವನಿಗೇನು ಲಾಭ?'

"ನಾನಾಗೇ ಹೋದೆ ಕಣೇ," ಎಂದಳು ಅಕ್ಕ.

ದಿನ ಕಳೆದಂತೆ ಅಕ್ಕ ತಲೆ ಬಾಚಿಕೊಂಡಳು, ಅಡುಗೆಮನೆಗೆ ಬಂದಳು. ತಂಗಿಯ ಅನುಮಾನ ಮಾತ್ರ ಕರಗಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಅಳತೆ ಕೊಡಲು ಬಂದವಳು ಮೆಲ್ಲಗೆ ಕೇಳಿದಳು: "ನಿಮ್ಮಕ್ಕನಿಗೆ ಆ ಮಾತ್ರೆಯಿಂದ ನಿಜವಾಗ್ಲೂ ವಾಸಿಯಾಗ್ತಿದ್ಯಾ?"

ತಂಗಿ ಅಳತೆ ಟೇಪು ಅಲ್ಲೇ ಬಿಟ್ಟಳು. ಅವತ್ತೂ ಬಂದು ನಿಂತಿದ್ದ ವ್ಯಾನಿನ ಬಳಿ ಸೀದಾ ಓಡಿದಳು.

"ನಮ್ಮನೆ ವಿಷಯ ಬೀದಿಗೆ ಹಾಕಿದ್ದು ನೀವೇ ತಾನೇ?"

ಅವನ ಮುಖ ಬಾಡಿತು. "ನಾನು ಯಾರ ವಿಷಯಾನೂ ಹೇಳಲ್ಲ."

"ಮತ್ತೆ ಯಾರು? ಹೇಳಿ!"

ಅವನು ಬಾಯಿ ಬಿಡಲಿಲ್ಲ. 'ತಪ್ಪು ಮಾಡಿದವನೇ ಹೀಗೆ ಸುಮ್ಮನಿರೋದು!'

ಮುಂದಿನ ವಾರ ವ್ಯಾನು ಬೀದಿಯ ಕೊನೆಯಲ್ಲಿ ನಿಂತಿತು. ಅವಳಿಗೆ ಯಾಕೋ ಹೊಲಿಗೆ ಸಾಗಲಿಲ್ಲ.

"ಅವನನ್ನ ಬೈದ್ಯಂತೆ?" ಅಕ್ಕ ಕೇಳಿದಳು. "ಪಕ್ಕದ ಮನೆಯವಳಿಗೆ ಹೇಳಿದ್ದು ನಾನೇ. ಅವಳ ಗಂಡ ಊಟ, ನಿದ್ದೆ ಬಿಟ್ಟು ಕೂತಿದಾನೆ ಅಂತ ಅಳ್ತಿದ್ಲು. ನನಗೆ ವಾಸಿಯಾಗ್ತಿದೆ ಅಂದೆ. ನೀನು ಬೈಯೋ ಮೊದಲೇ ಅವರಿಬ್ಬರನ್ನೂ ನಾನೇ ವ್ಯಾನಿಗೆ ಕರ್ಕೊಂಡು ಹೋಗಿದ್ದೆ. ಆ ಡ್ರೈವರ್ ಎದುರೇ!"

ಹಾಗಾದರೆ... ಅವನಿಗೆ ಗೊತ್ತಿತ್ತು!

ಅಂಗಡಿ ಬಾಗಿಲು ತೆರೆದೇ ಬಿಟ್ಟು ಓಡಿದಳು.

"ಅಕ್ಕನೇ ಹೇಳಿದ್ದು ಅಂತ ಅವತ್ತೇ ಹೇಳಬಹುದಿತ್ತಲ್ಲ?"

"ವ್ಯಾನಿಗೆ ಯಾರು ಬಂದ್ರು, ಯಾರನ್ನ ಕರ್ಕೊಂಡು ಬಂದ್ರು... ಅದು ನನ್ನ ಬಾಯಿಂದ ಬರಬಾರದು."

"ನಾನು ಅಷ್ಟು ಬೈದ್ರೂ?"

"ನೀವು ಬೈದ್ರೂ."

ಅವಳ ಕಣ್ಣು ತುಂಬಿತು. "ತಪ್ಪಾಯ್ತು... ನಿಮ್ಮ ವಿಷಯನಾದ್ರೂ ಹೇಳಬಹುದಲ್ವಾ?"

ಅವನು ತಡವರಿಸಿದ. "ನೀವಂದ್ರೆ ನನಗಿಷ್ಟ."

"ನಿಜವಾಗ್ಲೂ?"

"ಇನ್ನೂ ಅನುಮಾನಾನಾ?"

"ಸ್ವಲ್ಪ ಇದೆ... ದಿನಾ ಬಂದು ಹೇಳಿದ್ರೆ ಹೋಗಬಹುದು."

"ವ್ಯಾನು ವಾರಕ್ಕೊಂದೇ ಸಲ ಬರೋದು."

ಅವಳು ನಾಚಿ ತಲೆತಗ್ಗಿಸಿದಳು. "ವ್ಯಾನು ಬರಲಿ ಅಂದೋರು ಯಾರು?"