ಐದನೇ ವಾಕ್ಯ

ಮಗಳ ಶಾಲೆಯ ಅಂಗಿಗೆ ಅವಳು ಇಸ್ತ್ರಿ ಹಾಕುತ್ತಿದ್ದಳು. ಒಂದು ತೋಳು ಮುಗಿದಿತ್ತು, ಇನ್ನೊಂದು ಬಾಕಿ. ಅಷ್ಟರಲ್ಲಿ ತೆರೆದ ಬಾಗಿಲಿಗೆ ಯಾರದೋ ನೆರಳು ಅಡ್ಡ ಬಂತು.

ಇಂಗ್ಲಿಷ್ ಮೇಷ್ಟ್ರು. ಹನ್ನೆರಡು ದಿನ ಪತ್ತೆಯೇ ಇಲ್ಲದ ಮನುಷ್ಯ ಈಗ ಮಗಳ ನೋಟ್‌ಬುಕ್ ಹಿಡಿದು ಹೊಸಿಲಾಚೆ ನಿಂತಿದ್ದರು.

ಅವಳ ಎದೆ ಒಮ್ಮೆ ಹಾರಿತು. ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು.

“ಏನು, ದಾರಿ ತಪ್ಪಿ ಬಂದ್ರಾ?”

“ನೋಟ್‌ಬುಕ್ ಕೊಟ್ಟು ಹೋಗೋಣ ಅಂತ... ಬೇರೆ ಊರಿಗೆ ವರ್ಗ ಕೇಳ್ತಿದ್ದೀನಿ. ಇವತ್ತು ಅರ್ಜಿ ಕೊಡ್ತೀನಿ.”

ತಾವಾಗೇ ವರ್ಗ ಕೇಳಿಕೊಂಡು ಹೋಗ್ತಾರಂತೆ...

ಗಂಡ ತೀರಿಕೊಂಡ ಮೇಲೆ ಐದು ವರ್ಷ ಈ ಮನೆಯಲ್ಲಿ ಹೊಲಿಗೆ ಮಿಷನ್ನಿನದೊಂದೇ ಸದ್ದು. ನಗು ಕೇಳಿಸಿದ್ದು ಇವರು ಮಗಳಿಗೆ ಪಾಠ ಹೇಳಲು ಬರತೊಡಗಿದ ಮೇಲೆ.

“ಅಮ್ಮಾ, ಒಂದು ಕೇಳ್ಲಾ?” ಷೂ ಲೇಸು ಕಟ್ಟುತ್ತಿದ್ದ ಮಗಳು ತಲೆಯೆತ್ತಿದಳು.

“ಸುಮ್ನಿರೇ. ದೊಡ್ಡೋರು ಮಾತಾಡ್ತಿಲ್ವಾ?” ಅವರತ್ತ ತಿರುಗಿ, “ನನ್ನ ಮಗಳು ದಡ್ಡಿ ಅಂತ ಪಾಠ ಬಿಟ್ರಾ? ಮುಖಕ್ಕೇ ಹೇಳ್ಬೇಕಿತ್ತು,” ಎಂದಳು.

“ಇವಳು ದಡ್ಡಿನಾ? ಐದು ಹೊಸ ಪದ ಕೊಟ್ಟು, ಸೆಮಿಕೋಲನ್ ಹಾಕಿ ಒಂದೊಂದು ವಾಕ್ಯ ಬರಿ ಅಂದಿದ್ದೆ. ಒಂದೂ ತಪ್ಪಿಲ್ಲ.”

ಪುಟ ತೆರೆದರು. ನಾಲ್ಕು ವಾಕ್ಯಗಳ ಪಕ್ಕ ಕೆಂಪು ಶಾಯಿಯ ಸರಿ ಗುರುತು. ಐದನೆಯದರ ಪಕ್ಕ ಖಾಲಿ.

“ಅಲ್ಲೇನು ಬರೆದಿದ್ದಾಳೆ?”

ಅವರು ಅದನ್ನು ಕನ್ನಡಕ್ಕೆ ತಿರುಗಿಸುತ್ತಾ ಮೆಲ್ಲಗೆ ಓದಿದರು. “‘ಪಕ್ಕದ ಮನೆಯವರು ನಮ್ಮ ಬಗ್ಗೆ ಗಾಸಿಪ್ ಮಾಡ್ತಾರೆ; ಸಾರ್ ಬರೋ ದಿನ ಅಮ್ಮ ಬಾಗಿಲು ತೆರೆದೇ ಇಡ್ತಾಳೆ.’ ನನ್ನಿಂದ ನೀವು ಜನಕ್ಕೆ ಹೆದರಿ ಬಾಗಿಲು ತೆರೆದಿಡೋ ಹಾಗಾಯ್ತು. ಅದಕ್ಕೇ ದೂರ ಇದ್ದೆ.”

ಇಸ್ತ್ರಿಪೆಟ್ಟಿಗೆಯನ್ನು ಅವಳು ಕುಕ್ಕಿ ನಿಲ್ಲಿಸಿದಳು.

“ನನ್ನ ಮರ್ಯಾದೆ ಕಾಯೋ ಕೆಲಸ ನಿಮಗ್ಯಾರು ಕೊಟ್ಟಿದ್ದು? ನನ್ನನ್ನ ಒಂದು ಮಾತು ಕೇಳಿದ್ರಾ? ಓದಿದ್ರಂತೆ, ತೀರ್ಮಾನ ಮಾಡಿದ್ರಂತೆ, ವರ್ಗ ಬೇರೆ ಬೇಕಂತೆ. ಬಾಗಿಲು ತೆರೆದಿಟ್ಟಿದ್ದು ಯಾರಿಗೂ ಹೆದರಿ ಅಲ್ಲ. ಮಿಷನ್ ಮುಂದೆ ಕೂತಿದ್ರೂ, ನೀವು ಬೀದಿ ತಿರುವಲ್ಲಿ ಬರೋದು ಕಾಣ್ಲಿ ಅಂತ. ಈ ಹನ್ನೆರಡು ದಿನಾನೂ ಮುಚ್ಚಿಲ್ಲ, ಗೊತ್ತಾ?”

ಹೇಳಿದ ಮೇಲೆಯೇ ಅವಳಿಗೆ ತಿಳಿದದ್ದು, ತಾನೇನು ಹೇಳಿಬಿಟ್ಟೆನೆಂದು. ಕಿವಿ ಬಿಸಿಯಾಯಿತು. ಇಸ್ತ್ರಿಯಾದ ತೋಳಿನಲ್ಲಿ ಇಲ್ಲದ ಸುಕ್ಕನ್ನು ಕೈಯಿಂದ ತೀಡತೊಡಗಿದಳು.

ಮೇಷ್ಟ್ರು ಜೇಬಿನಿಂದ ಅರ್ಜಿ ತೆಗೆದು ಎರಡಾಗಿ ಹರಿದರು.

“ಆ ತಿರುವಲ್ಲಿ ನಾನೂ ಪ್ರತಿ ಸಲ ನಿಂತು ಎರಡೆರಡು ಬಾರಿ ತಲೆ ಬಾಚ್ಕೊಂಡೇ ಬರ್ತಿದ್ದೆ.”

“ಬಾಚಿದ ತಲೆಯೇನೋ ಚೆನ್ನಾಗಿರ್ತಿತ್ತು. ಒಳಗೆ ಬುದ್ಧಿ ಇರ್ಲಿಲ್ಲ, ಅಷ್ಟೇ.” ಅವಳ ದನಿಯಲ್ಲಿ ಸಿಟ್ಟು ಇನ್ನೂ ಇತ್ತು. ಕಣ್ಣು ಮಾತ್ರ ತುಂಬಿತ್ತು.

ಇಬ್ಬರೂ ಇದ್ದಲ್ಲೇ ನಿಂತರು. ಲೇಸು ಕಟ್ಟಿ ಮುಗಿಸಿದ ಮಗಳಿಗೆ ಇನ್ನು ತಡೆಯಲಾಗಲಿಲ್ಲ.

“ಬಾಗಿಲು ತೆರೆದೇ ಇದೆಯಲ್ಲ ಸಾರ್... ನೀವ್ಯಾಕೆ ಇನ್ನೂ ಹೊರಗೇ ನಿಂತಿದ್ದೀರಿ?”