ಜೋಡಿ ನಿಂಬೆಯ ಯಮಹಾ

“ಇಳೀರಿ ಕೆಳಗ.”

ಇಂಡಿ ಪಟ್ಟಣದ ನಿಂಬೆ ಮಾರುಕಟ್ಟೆಯ ಗೇಟಿನ ಎದುರು, ಇನ್ನೇನು ಹೊರಡಲಿದ್ದ ಮೋಟರ್‌ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಿದ್ದಳು ಜಯಮಾಲಾ.

ಸವಾರ ಕಕ್ಕಾಬಿಕ್ಕಿಯಾದ. “ಯಾಕ್ರಿ, ಏನಾತು?”

“ಈ ಗಾಡಿ ನಮ್ಮಪ್ಪಂದು.”

ಪೆಟ್ರೋಲ್ ಟಾಕಿಯ ಮೇಲೆ ಎಲೆ ಸಮೇತ ಎರಡು ನಿಂಬೆಹಣ್ಣು. ಪೇಂಟರನನ್ನು ಎದುರಿಗೆ ಕೂರಿಸಿಕೊಂಡು ಅವಳ ಅಪ್ಪ ಬಸಂತರಾಯ ಬರೆಸಿದ್ದ ಚಿತ್ರ! ಆ ನಿಂಬೆ ವ್ಯಾಪಾರಿಯ ಯಮಹಾ ಆರ್‌ಎಕ್ಸ್ 100ರ ಸದ್ದು ದೂರದಲ್ಲಿ ಕೇಳಿದರೆ ಸಾಕು, ಹಮಾಲರು ಚಹಾದ ಕಪ್ಪು ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು. ಅಪ್ಪ ತೀರಿಕೊಂಡ ವರ್ಷವೇ ಗಾಡಿಯೂ ಕಳುವಾಯಿತು. ಅವಳ ಪಾಲಿಗೆ ಅಪ್ಪ ಎರಡನೇ ಸಲ ಸತ್ತ ಹಾಗಾಗಿತ್ತು.

ಸವಾರ ಇಳಿದ. ಅವಳ ಕಣ್ಣು ತುಂಬಿದ್ದನ್ನು ನೋಡಿ ದನಿ ತಗ್ಗಿಸಿದ.

“ಟಾಕಿ ನಿಮ್ಮದಿರಬೇಕ್ರಿ. ಗಾಡಿ ನಂದು. ಇದು ಆರ್‌ಎಕ್ಸ್ 135. ನನ್ನ ಟಾಕಿ ತುಕ್ಕು ತಿಂದಿತ್ತು, ವಿಜಯಪುರದ ಗುಜರಿಯಾಗ ಇದು ಸಿಕ್ತು. ಆರ್‌ಸಿ ತೋರಸ್ತೇನಿ, ನೋಡ್ರಿ.”

ಈ ಸೀಮೆಯ ಹಳೆ ಯಮಹಾಗಳ ಹಣೆಬರಹವೇ ಹಾಗೆ ನೋಡಿ. ಒಂದರ ಟಾಕಿ, ಇನ್ನೊಂದರ ಚಕ್ರ, ಮತ್ತೊಂದರ ಸೈಲೆನ್ಸರ್. ಟಾಕಿ ನೋಡಿ ಗಾಡಿ ಗುರುತು ಹಿಡಿಯುವವರು ಬೇಸ್ತು ಬೀಳುತ್ತಾರೆ. ಜಯಮಾಲಾ ಬಿದ್ದಿದ್ದಳು. ಒಪ್ಪಿಕೊಳ್ಳಬೇಕಲ್ಲ!

“ಟಾಕಿ ಕದ್ದವರಿಗೆ ಗಾಡಿ ಗೊತ್ತಿರೂದಿಲ್ಲೇನು?” ಎಂದಳು.

ಅವನು ಜಗಳಕ್ಕೆ ಬರಲಿಲ್ಲ. ಹೆಸರು ಶ್ರೀಶೈಲ, ಸಿಂದಗಿಯವನು, ಆಲಮಟ್ಟಿಯ ನೀರಾವರಿ ಕಚೇರಿಯಲ್ಲಿ ಇಂಜಿನಿಯರ್. ಹಳೆ ಯಮಹಾ ಎಂದರೆ ಊಟ ನಿದ್ದೆ ಬಿಡುವ ಹುಚ್ಚ. ಮರುದಿನವೇ ಎರಡು ಸೈಲೆನ್ಸರಿನ ಇನ್ನೊಂದು ಯಮಹಾ, ಆರ್‌ಡಿ 350ರ ಮೇಲೆ ಅವಳ ಮನೆಗೆ ಬಂದು ಟಾಕಿ ಒಪ್ಪಿಸಿದ.

“ಉಳಿದಿದ್ದೂ ಹುಡುಕಲೇನ್ರಿ?”

“ಹುಡುಕ್ರಿ ನೋಡೂಣು,” ಎಂದಳು ಬಿಗುವಾಗಿ.

ಹುಡುಕಿಯೇಬಿಟ್ಟ! ಒಂದು ಭಾನುವಾರ ಚಕ್ರಗಳು ಬಂದವು. ಆಮೇಲೆ ಗಾಡಿಯ ಎಲುಬುಗೂಡಾದ ಚೆಸ್ಸಿ ಬಂತು, ಅದರ ಮೇಲಿನ ನಂಬರು ಅಪ್ಪನ ಆರ್‌ಸಿಗೆ ಸರಿಹೊಂದಿತು. ಸಂತೋಷವಾಗಬೇಕಿತ್ತು... ಆದರೆ ಅವಳು ನಂಬರನ್ನು ಇನ್ನೊಮ್ಮೆ ಓದಿ ಅವನ ಮುಖ ನೋಡಿದಳು.

“ಎಲ್ಲಿ ಸಿಕ್ತು?”

“ಅದೊಂದು ಕೇಳಬ್ಯಾಡ್ರಿ.”

ಪ್ರತಿ ಸಲವೂ ಇದೇ ಉತ್ತರ. ಮೇಲಾಗಿ ಒಮ್ಮೆ ಆರ್‌ಡಿ, ಒಮ್ಮೆ ಹೊಸ ಎಫ್‌ಝಡ್, ಈಗೀಗ ಯಾವುದೋ ಟೆಂಪೋ. ಒಬ್ಬ ಮನುಷ್ಯನಿಗೆ ಎಷ್ಟು ಗಾಡಿ? ಅವೆಲ್ಲ ಎಲ್ಲಿಗೆ ಹೋದವು?

ಇಂಜಿನ್ನೂ ಬಂದ ದಿನ ತಾಯಿ ಇಂದುಬಾಯಿ ಬಾಗಿಲ ಮರೆಯಲ್ಲಿ ಪಿಸುಗುಟ್ಟಿದಳು. “ಹಾವಿನ ಹೆಜ್ಜಿ ಹಾವಿಗೇ ಗೊತ್ತವ್ವ ಮಾಲಾ. ಇಂವಾ ಕಳ್ಳರ ಜೋಡಿನ ಇದ್ದಾಂವ.”

ಜಯಮಾಲಾಗೂ ಹಾಗೇ ಅನಿಸಿತ್ತು. ‘ಕದ್ದವನೇ ತುಂಡು ತುಂಡಾಗಿ ತಂದುಕೊಟ್ಟು ಒಳ್ಳೆಯವನಾಗುತ್ತಿದ್ದಾನಾ? ಹಾಗಾದರೆ ಅವನು ಬರುವ ಭಾನುವಾರ ನಾನ್ಯಾಕೆ ಎರಡು ಸಲ ಕನ್ನಡಿ ನೋಡಿಕೊಳ್ಳುತ್ತೇನೆ? ನಾಚಿಕೆಯಾಗಬೇಕು ನನಗೆ...’

ಮನಸ್ಸು ಕಲ್ಲು ಮಾಡಿಕೊಂಡು ಹೊರಗೆ ಬಂದಳು.

“ಇವನ್ನ ಕೊಟ್ಟವರ ಹೆಸರು ಹೇಳ್ರಿ. ಇಲ್ಲಾಂದ್ರ ನಾಳೆ ಪೊಲೀಸರ ಮುಂದ ನಿಮ್ಮ ಹೆಸರು ಹೇಳ್ತೇನಿ.”

ಶ್ರೀಶೈಲನ ಮುಖ ಬಾಡಿತು. “ಹೇಳ್ರಿ,” ಎಂದಷ್ಟೇ ಅಂದು ಹೊರಟುಹೋದ.

ಬೆಳಗಾಗುವ ತನಕ ಅವಳಿಗೆ ನಿದ್ದೆ ಹತ್ತಲಿಲ್ಲ. ದೂರು ಕೊಟ್ಟರೆ ಅವನ ನೌಕರಿ ಹೋಗುತ್ತದೆ. ಕೊಡದಿದ್ದರೆ ಅಪ್ಪನ ಗಾಡಿ ಕದ್ದವನಿಗೆ ಮನಸ್ಸು ಕೊಟ್ಟಂತಾಗುತ್ತದೆ. ಕಣ್ಣಾರೆ ನೋಡಿಯೇ ತೀರ್ಮಾನಿಸೋಣ ಎಂದು ಮೊದಲ ಬಸ್ಸಿಗೆ ಸಿಂದಗಿಗೆ ಹೋದಳು. ಅವನ ಗಾಡಿಗಳೆಲ್ಲ ಕಾಸಿಂಸಾಬರ ಗ್ಯಾರೇಜಿನಲ್ಲಿರುತ್ತವೆ ಎಂದು ಅವನೇ ಹೇಳಿದ್ದ.

ಗ್ಯಾರೇಜಿನಲ್ಲಿ ಒಂದು ಯಮಹಾವೂ ಇರಲಿಲ್ಲ.

“ಶ್ರೀಶೈಲ ಅವರ ಗಾಡಿ ಎಲ್ಲಿ ಅದಾವ್ರಿ, ಕಾಕಾ?”

ಮುದುಕ ಕಾಸಿಂಸಾಬರು ಕೈ ಒರೆಸಿಕೊಳ್ಳುತ್ತ ಅವಳನ್ನು ದಿಟ್ಟಿಸಿದರು. “ಇಂಡಿ ನಿಂಬಿಹಣ್ಣಿನವರ ಮಗಳು ಹೌದಿಲ್ಲೋ? ಎಲ್ಲಾ ನಿನ್ನ ಗಾಡ್ಯಾಗ ಹೋದವು ನೋಡು, ಬೇಟಿ.”

“ಅಂದ್ರ?”

“ನಿನ್ನ ಗಾಡಿ ಸಾಮಾನು ಇದ್ದವರೆಲ್ಲ ಕದ್ದ ಮಾಲು ಅಂತ ಗೊತ್ತಿಲ್ಲದ ತಗೊಂಡ ಬಡವರು. ಪೊಲೀಸು ಅಂದ್ರ ಅಂಜ್ತಾರ. ‘ನಿಮ್ಮ ಹೆಸರು ಯಾರಿಗೂ ಹೇಳೂದಿಲ್ಲ’ ಅಂತ ಅವರಿಗೆ ಮಾತು ಕೊಟ್ಟು ಶ್ರೀಶೈಲ ತಂದಾನ. ಮೋರಟಗಿಯಾಂವ ಚಕ್ರ ಕೊಟ್ಟ, ಅವಂಗ 135 ಹೋತು. ಮುದ್ದೇಬಿಹಾಳದಾಂವಗ ದಿನಾ ಕೆಲಸಕ್ಕ ಹೋಗಾಕ ಗಾಡಿ ಬೇಕಲ್ಲ, ಚೆಸ್ಸಿಗೆ ಎಫ್‌ಝಡ್ ಕೊಟ್ಟ. ಬಾಗೇವಾಡಿಯಾಂವ ಹಟಮಾರಿ. ಆರ್‌ಡಿ ಕೊಟ್ರನ ಇಂಜಿನ್ ಅಂದ. ಅದನ್ನೂ ಕೊಟ್ಟುಬಿಟ್ಟ, ಹುಚ್ಚ.”

ಜಯಮಾಲಾ ಅಲ್ಲೇ ಇದ್ದ ಹಳೆ ಟೈರಿನ ಮೇಲೆ ಕುಸಿದು ಕುಳಿತಳು. ದೇವರೇ... ಎಂಥವನಿಗೆ ಎಂಥ ಮಾತು ಆಡಿದೆ!

ಅಷ್ಟರಲ್ಲಿ ತನ್ನ ತಂಗಿಯ ರೇ ಸ್ಕೂಟರಿನ ಮೇಲೆ ಶ್ರೀಶೈಲ ಬಂದ. ಅವಳನ್ನು ಕಂಡವನೇ ಬ್ರೇಕ್ ಹಾಕಿ ರಸ್ತೆಯ ಆಚೆ ಈಚೆ ನೋಡಿದ.

“ಪೊಲೀಸರು ಹಿಂದ ಬರಾಕತ್ತಾರೇನ್ರಿ?”

“ನಾ ಒಬ್ಬಾಕಿನ ಬಂದೇನಿ.” ಅವಳು ಟೈರಿನಿಂದ ಎದ್ದು ನಿಂತಳು. “ನಿಮ್ಮನ್ನ ಕಳ್ಳ ಅಂದೆ. ತಪ್ಪಾತ್ರಿ.”

ಕಾಸಿಂಸಾಬರು ಇದ್ದಕ್ಕಿದ್ದಂತೆ ಚಹಾದ ನೆನಪಾದವರಂತೆ ಹೊರಗೆ ನಡೆದರು.

ಶ್ರೀಶೈಲ ನೆಲ ನೋಡುತ್ತ ನಿಂತ. “ನಿಮ್ಮ ಸಂಶಯ ಪೂರಾ ಸುಳ್ಳಲ್ರಿ. ಒಂದು ಕಳವು ಮಾಡೇನಿ.”

ಅವಳು ಥಟ್ಟನೆ ಅವನತ್ತ ತಿರುಗಿದಳು. “ಏನು?”

“ಹೆಡ್‌ಲೈಟ್. ಇಂಜಿನ್ ಜೋಡಿನ ಸಿಕ್ಕಿತ್ತು. ನಮ್ಮ ಮನ್ಯಾಗ ಮುಚ್ಚಿಟ್ಟೇನಿ.”

“ಯಾಕ?”

“ಅದೊಂದು ಕೊಟ್ರ ಗಾಡಿ ಪೂರಾ ಆಗತೈತಿ. ಆಮ್ಯಾಲ ಇಂಡಿಗೆ ಬರಾಕ ನನಗ ನೆವ ಎಲ್ಲೈತ್ರಿ?”

ಜಯಮಾಲಾ ಅಳುತ್ತಲೇ ನಕ್ಕಳು. ಇಷ್ಟು ದಿನದ ಸಂಶಯವೆಲ್ಲ ಆ ನಗುವಿನಲ್ಲಿ ಹರಿದುಹೋಯಿತು. ಇವನು ನನ್ನವನು ಎಂದು ಅವಳ ಮನಸ್ಸು ಆ ಕ್ಷಣವೇ ಒಪ್ಪಿತು.

“ಹೆಡ್‌ಲೈಟ್ ತಗೊಂಡು ನಾಳೆ ಬರ್ರಿ. ನಿಮ್ಮ ಅವ್ವಾರನ್ನೂ ಕರ್ಕೊಂಡು ಬರ್ರಿ.”

“ಕೊಟ್ಟ ಮ್ಯಾಲ?”

“ಕೊಟ್ಟ ಮ್ಯಾಲ ಬರೂದು ಬಿಟ್ರ,” ಅವಳು ಕಣ್ಣೊರೆಸಿಕೊಂಡಳು, “ಅವಾಗ ಖರೇನ ಪೊಲೀಸರಿಗೆ ಹೇಳ್ತೇನಿ.”