ಹಾಲುಬಿಳಿ ಟ್ಯೂಬಿನೊಳಗೆ

"ಕೈ ತೆಗೀರಿ! ಮೊದ್ಲು ಕೈ ತೆಗೀರಿ ಅಂದೆ!"

ಕಾರ್ಯಾಗಾರದ ಬಾಗಿಲಲ್ಲೇ ನಿಂತು ಅವಳು ಕೂಗಿದಳು. ಅವಳ ಮೇಜಿನ ಮುಂದೆ, ಬಿಸಿಗಾಳಿ ಊದುವ ಅವಳ ಹೀಟ್ ಗನ್ನಿನಿಂದ ಕಾಯಿಸಿದ ಟ್ಯೂಬನ್ನು ಎರಡೂ ಕೈಯಲ್ಲಿ ಬಗ್ಗಿಸಿ ಹಿಡಿದುಕೊಂಡು ಯಾರೋ ಅಪರಿಚಿತ ನಿಂತಿದ್ದ!

ಅವನು ತಲೆ ಎತ್ತಲಿಲ್ಲ. "ಈಗ ಬಿಟ್ರೆ ಸೊಟ್ಟ ಆಗುತ್ತೆ. ಇದು ಆರಲಿ, ಆಮೇಲೆ ಬೈಯಿರಿ."

ಆರುವವರೆಗೆ ಅವಳು ಹಲ್ಲು ಕಚ್ಚಿ ನಿಂತಳು. ಆರಿದ ಮರುಕ್ಷಣ ಟ್ಯೂಬನ್ನು ಕಸಿದು ಕೋನಮಾಪಕಕ್ಕೆ ಒತ್ತಿದಳು. ತೊಂಬತ್ತು ಡಿಗ್ರಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವಳ ಸಿಟ್ಟು ಇನ್ನಷ್ಟು ಏರಿತು.

"ಗುರುತೆಲ್ಲಿ? ಅಳತೆ ಎಲ್ಲಿ?"

"ಕಣ್ಣಲ್ಲಿ."

"ಕಣ್ಣಲ್ಲಾ?!"

ಅಷ್ಟರಲ್ಲಿ ಅಂಗಡಿಯ ಯಜಮಾನ, ಅವಳ ಚಿಕ್ಕಪ್ಪ, ಒಳಗೆ ಬಂದರು. "ಪುಟ್ಟಿ, ಇವರು ಕಾಲೇಜಿನ ಲ್ಯಾಬಿಗೆ ಗಾಜಿನ ಸಾಮಾನು ಊದಿ ಮಾಡ್ತಿದ್ದವರು. ಇವತ್ತಿಂದ ನಿನ್ ಜೊತೆ. ನಿಂಗೆ ಅರ್ಧ ಮಿಲ್ಲಿಮೀಟರ್ ಹೆಚ್ಚುಕಮ್ಮಿ ಆದ್ರೆ ಊಟ ಸೇರಲ್ಲ, ಇವರದ್ದೆಲ್ಲ ಅಂದಾಜು. ಇಬ್ಬರ ಹೆಸರೂ ಇಟ್ಟಾಯ್ತು ನೋಡು! ನೀನು ಅರ್ಧಮಿಲ್ಲಿ, ಇವರು ಅಂದಾಜು."

"ಚಿಕ್ಕಪ್ಪಾ, ನಂಗೆ ಜೊತೆ ಬೇಕು ಅಂತ ಯಾರು ಹೇಳಿದ್ದು?"

"ಕಂಪ್ಯೂಟರ್ ಮಾಡಿಸ್ತಿರೋ ಕಾರ್ಟೂನ್ ಮೇಡಂ ಅವಸರ ಮಾಡ್ತಿದಾರಮ್ಮಾ. ಈ ಮಷಿನ್ ಮುಗಿಯೋವರೆಗೆ ಇಬ್ಬರೂ ಮಾಡಿ. ಆಮೇಲೆ ಮೇಜು ಒಬ್ಬರಿಗೇ. ಇಬ್ಬರಿಗಾಗೋಷ್ಟು ಕೆಲಸ ನಮ್ಮಲ್ಲಿಲ್ಲ."

ಆರು ವರ್ಷಗಳಿಂದ ಆ ಮೇಜೇ ಅವಳ ಪ್ರಪಂಚ!

ಚಿಕ್ಕಪ್ಪನ ಅಂಗಡಿಯಲ್ಲಿ ತಯಾರಾಗುತ್ತಿದ್ದುದು ನೀರಿನಿಂದ ತಂಪಾಗುವ ಕಂಪ್ಯೂಟರುಗಳು. ಒಳಗೆ ಹರಿಯುವ ನೀರು ಚಿಪ್‌ಗಳ ಬಿಸಿಯನ್ನು ಹೊತ್ತೊಯ್ಯುತ್ತದೆ. ಆ ನೀರಿಗೆ ದಾರಿಯಾಗುವ ಗಟ್ಟಿ ಟ್ಯೂಬುಗಳನ್ನು ಕಾಯಿಸಿ, ಬಗ್ಗಿಸಿ, ಜೋಡಿಸುವುದು ಅವಳ ಕೆಲಸ. ಬಗ್ಗಿಸುವಾಗ ಟ್ಯೂಬ್ ಚಪ್ಪಟೆಯಾಗದಂತೆ ಒಳಗೊಂದು ರಬ್ಬರ್ ಹುರಿ ತೂರಿಸಬೇಕು, ಆರಿದ ಮೇಲೆ ಎಳೆದು ತೆಗೆಯಬೇಕು. ಅವಳ ಹುರಿಯ ಮೇಲೆ ಸೆಂಟಿಮೀಟರಿಗೊಂದು ಶಾಯಿಯ ಗೆರೆ. ತೂರಿಸುವ ಮೊದಲೊಮ್ಮೆ, ತೆಗೆದ ಮೇಲೊಮ್ಮೆ ಅಳೆಯದೆ ಅವಳು ಮುಂದಕ್ಕೆ ಹೋದವಳಲ್ಲ.

ಅವನ ಹುರಿಯೋ... ಖಾಲಿ, ಕಪ್ಪು ಹುರಿ. ಎಷ್ಟು ಒಳಹೋಯಿತು, ಎಷ್ಟು ಹೊರಬಂತು, ದೇವರಿಗೇ ಗೊತ್ತು!

ಎರಡು ವಾರ ಕಾರ್ಯಾಗಾರ ರಣರಂಗವಾಯಿತು.

"ಗನ್ ತಿರುಗಿಸ್ಕೊಂಡಿರಿ, ಒಂದೇ ಕಡೆ ಕಾಯಿಸ್ತಿದೀರಿ."

"ನಂಗೊತ್ತು!"

"ಗೊತ್ತಿದ್ರೆ ಹೊಗೆ ಯಾಕೆ ಬರ್ತಿದೆ?"

"ನೀವು ಮಾತಾಡಿಸ್ತಿದೀರಲ್ಲ, ಅದಕ್ಕೆ!"

"ಕಂಪ್ಯೂಟರ್ ತಣ್ಣಗೆ ಮಾಡೋದು ಸುಲಭ," ಎಂದು ಚಿಕ್ಕಪ್ಪ ಹಣೆ ಒತ್ತಿಕೊಂಡರು. "ನಿಮ್ಮಿಬ್ಬರಿಗೆ ಯಾವ ನೀರು ಬಿಡಲಿ ಹೇಳಿ."

ಅವಳಿಗೆ ತನ್ನ ಮೇಲೇ ರೇಗುತ್ತಿತ್ತು. ಅವನು ಟ್ಯೂಬನ್ನು ಬೆರಳ ತುದಿಯಲ್ಲಿ ತಿರುಗಿಸುವಾಗ ಕಣ್ಣು ಅಲ್ಲಿಗೇ ಹೋಗುವುದೇಕೆ? ಅವನು ಅರ್ಧ ಗಂಟೆ ತಡವಾಗಿ ಬಂದರೆ ಬಾಗಿಲು ನೋಡುವುದೇಕೆ? ಥೂ... ಎಂಥ ಕರ್ಮ!

ಕೊನೆಯ ಟ್ಯೂಬಿನ ದಿನ ಅವನು ಹೇಳಿದ್ದ, "ಸೋಪು ನೀರು ಇನ್ನೊಂಚೂರು ಸವರಿ. ಇಲ್ಲಾಂದ್ರೆ ಹುರಿ ಒಳಗೇ ಹಿಡ್ಕೊಳ್ಳುತ್ತೆ."

"ನಂಗೆ ಹೇಳ್ಕೊಡ್ಬೇಡಿ!"

ಸವರಲಿಲ್ಲ. ಕಾಯಿಸಿದಳು, ಬಗ್ಗಿಸಿದಳು. ಆಗ ಪಕ್ಕದಲ್ಲಿ ಬಗ್ಗಿ ನೋಡಿದ ಅವನ ದನಿ ಇದ್ದಕ್ಕಿದ್ದಂತೆ ತಗ್ಗಿತು. "ಒಂದ್ಮಾತು ಹೇಳ್ಲಾ? ಇಷ್ಟು ಚೆಂದದ ತಿರುವು ನನ್ನ ಕೈಯಲ್ಲಿ ಬರಲ್ಲ."

ಅವಳ ಕಿವಿ ಬಿಸಿಯಾಯಿತು. ಹುರಿಯನ್ನು ಜೋರಾಗಿ ಎಳೆದು ಡಬ್ಬಿಗೆ ಹಾಕಿ, ನೀರು ಕುಡಿಯಲು ಎದ್ದುಹೋದಳು.

ಮಷಿನ್ ಒಪ್ಪಿಸುವ ದಿನ ಕಾರ್ಟೂನ್ ಚಿತ್ರ ಮಾಡುವ ಮೇಡಂ ಬಂದು ಕೂತರು. ಅವರ ಆಸೆಯಂತೆ ಟ್ಯೂಬುಗಳೆಲ್ಲ ಹಾಲುಬಿಳಿ, ಒಳಗಿರುವುದು ಹೊರಗೆ ಕಾಣದು. ಹಿಂದಿನ ದಿನ ಗಾಳಿ ತುಂಬಿ ಪರೀಕ್ಷಿಸಿದ್ದರು, ಎಲ್ಲೂ ಸೋರಿರಲಿಲ್ಲ. ಅವಳು ಮಷಿನ್ನಿನ ಪುಟ್ಟ ತೊಟ್ಟಿಗೆ ನೀರು ತುಂಬಿ ಪಂಪಿನ ಸ್ವಿಚ್ ಒತ್ತಿದಳು.

ತೊಟ್ಟಿಯ ನೀರು ನಾಲ್ಕು ಬೆರಳಿನಷ್ಟು ಇಳಿಯಿತು. ನಿಂತುಬಿಟ್ಟಿತು. ಪಂಪ್ ಗೊರಗೊರ ಅಂದಿತು, ಆಮೇಲೆ ಕೀರಲು ದನಿ ತೆಗೆಯಿತು.

"ಏನಾಯ್ತು?" ಮೇಡಂ ಎದ್ದು ನಿಂತರು.

ಅವಳು ಪಂಪ್ ಆರಿಸಿದಳು. "ಒಳಗೇನೋ ಅಡ್ಡ ಸಿಕ್ಕಿದೆ. ಹುರಿ ತುಂಡಾಗಿ ಉಳ್ಕೊಂಡಿರಬೇಕು." ತಿರುಗಿ ಅವನನ್ನು ನೋಡಿದಳು. "ಅಂದಾಜಿನ ಕೆಲಸ ಅಂದ್ರೆ ಇದೇ! ಒಂದು ದಿನವಾದ್ರೂ ಅಳೆದು ನೋಡಿದ್ರಾ?"

ಅವನ ಮುಖ ಬಿಳಿಚಿತು. ಜಗಳಕ್ಕೆ ಬರುತ್ತಾನೆಂದು ಅವಳು ಕಾದಳು.

"ಇಲ್ಲ... ಅಳೆದಿಲ್ಲ," ಅಂದ ಅವನು. "ನನ್ನದಲ್ಲ ಅಂತ ಆಣೆ ಮಾಡಿ ಹೇಳೋಕಾಗಲ್ಲ. ಕ್ಷಮಿಸಿ ಮೇಡಂ."

ಚೀಲ ಹೆಗಲಿಗೇರಿಸಿಕೊಂಡು ಹೊರಟೇಹೋದ!

ಚಿಕ್ಕಪ್ಪ ನಿಟ್ಟುಸಿರು ಬಿಟ್ಟರು. "ಆಯ್ತಲ್ಲ ಪುಟ್ಟಿ. ಮೇಜು ನಿಂದೇ."

ಬೇಕಾದ್ದು ಸಿಕ್ಕಿತ್ತು. ಆದರೂ ಅವಳ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು...

ಮರುದಿನ ಬೆಳಿಗ್ಗೆ ಒಂದೊಂದೇ ಟ್ಯೂಬ್ ಕಳಚಿ ಕಡ್ಡಿ ತೂರಿಸಿದಳು. ಅವನವು ಆರು, ಆರೂ ಖಾಲಿ. ತನ್ನವು ನಾಲ್ಕು ಖಾಲಿ. ಐದನೆಯದರಲ್ಲಿ, ಅದೇ ಚೆಂದದ ತಿರುವಿನಲ್ಲಿ, ಕಡ್ಡಿ ತಡೆಯಿತು. ಜೋರಾಗಿ ನೂಕಿದಳು. ಹೆಬ್ಬೆರಳುದ್ದದ ರಬ್ಬರ್ ತುಂಡೊಂದು ಮೇಜಿನ ಮೇಲೆ ಬಿತ್ತು.

ಅದರ ಮೇಲೆ ಸೆಂಟಿಮೀಟರಿಗೊಂದರಂತೆ ಶಾಯಿಯ ಗೆರೆ!

ಗಾಳಿ ಪರೀಕ್ಷೆಯಲ್ಲಿ ಇದು ತಿಳಿಯುವಂತಿರಲಿಲ್ಲ. ಟ್ಯೂಬುಗಳದ್ದು ಒಂದು ಸುತ್ತು, ಒಂದು ಕಡೆ ಅಡ್ಡವಿದ್ದರೆ ಗಾಳಿ ಇನ್ನೊಂದು ಕಡೆಯಿಂದ ತುಂಬಿಕೊಳ್ಳುತ್ತದೆ. ತಿಳಿಯಬೇಕಿದ್ದುದು ಅವಳಿಗೆ. ಆರು ವರ್ಷದಲ್ಲಿ ಆ ಒಂದು ದಿನ, ಅವನ ಆ ಒಂದು ಮಾತಿಗೆ, ಅವಳು ಅಳೆಯುವುದನ್ನೇ ಮರೆತಿದ್ದಳು.

ತುಂಡನ್ನು ಕಸದ ಬುಟ್ಟಿಗೆ ಹಾಕಿದರೆ ಮುಗಿಯಿತು. ಯಾರೂ ಕೇಳುವುದಿಲ್ಲ. ಮೇಜೂ ಉಳಿಯುತ್ತದೆ.

ಅವಳು ಮುಷ್ಟಿ ಬಿಗಿಹಿಡಿದು ಒಂದು ನಿಮಿಷ ಕೂತಳು. ಆಮೇಲೆ ಎದ್ದು ಚಿಕ್ಕಪ್ಪನ ಮುಂದೆ ಅಂಗೈ ಬಿಚ್ಚಿದಳು. "ತಪ್ಪು ನಂದು. ಮೇಡಂಗೆ ಫೋನ್ ಮಾಡಿ ನಾನೇ ಹೇಳ್ತೀನಿ. ಮೇಜು ಅವರಿಗೆ ಕೊಟ್ಬಿಡಿ."

ಚಿಕ್ಕಪ್ಪ ತುಂಡನ್ನೂ ಅವಳನ್ನೂ ನೋಡಿದರು. "ಮೊದ್ಲು ಅವರಿಗೆ ಹೇಳಿ ಬಾ. ಕಾಲೇಜಿನ ಲ್ಯಾಬಲ್ಲೇ ಇದಾರಂತೆ."

ಲ್ಯಾಬಿನ ಹಿಂದಿನ ಕೋಣೆಯಲ್ಲಿ ಅವನು ಬಿರುಕುಬಿಟ್ಟ ಗಾಜಿನ ಫ್ಲಾಸ್ಕೊಂದನ್ನು ನೀಲಿ ಜ್ವಾಲೆಗೆ ಹಿಡಿದಿದ್ದ. ಅವಳನ್ನು ಕಂಡು ಜ್ವಾಲೆ ತಗ್ಗಿಸಿದ.

"ಹುರಿ ನಂದೇ," ಅವಳು ಒಂದೇ ಉಸಿರಿಗೆ ಹೇಳಿದಳು. "ನಿಮ್ಮ ಟ್ಯೂಬೆಲ್ಲ ಸರಿಯಿತ್ತು. ಎಲ್ಲರ ಮುಂದೆ ಅಂದೆ... ತಪ್ಪಾಯ್ತು."

ಅವನು ಫ್ಲಾಸ್ಕನ್ನು ಕೆಳಗಿಟ್ಟ. "ಹುರಿ ಯಾರದ್ದಾದ್ರೂ ಆಗ್ಲಿ. ನೀವು ಒಂದ್ ಕ್ಷಣಾನೂ ಯೋಚಿಸ್ದೆ ನನ್ನ ಕಡೆ ತಿರುಗಿದ್ರಲ್ಲ... ಅದು ಚುಚ್ಚಿತು."

"ಗೊತ್ತು." ಅವಳ ಕಣ್ಣು ತುಂಬಿ ಬಂತು. ಕೂಡಲೇ ಸಿಟ್ಟೂ ಬಂತು. "ಆದ್ರೆ ನೀವಾದ್ರೂ ಯಾಕೆ ಹಾಗೆ ಹೊರಟ್ಹೋದ್ರಿ? ಎರಡು ವಾರ ಪ್ರತಿ ಮಾತಿಗೂ ಜಗಳ ಆಡಿ, ಜಗಳ ಆಡಬೇಕಾದ ದಿನ ಬಾಯಿ ಮುಚ್ಕೊಂಡ್ರೆ? ನಿಮ್ಮನ್ನ ಕಂಡ್ರೆ ತಲೆ ಕೆಡುತ್ತೆ ನಂಗೆ!"

"ಹಾಗಾದ್ರೆ ಯಾಕೆ ಬಂದ್ರಿ?"

"ಕಾಣದೆ ಇದ್ರೆ ಇನ್ನೂ ಕೆಡುತ್ತೆ!"

ಹೇಳಿದ ಮೇಲೆ ಅವಳೇ ಬೆಚ್ಚಿದಳು. ಅವನ ತುಟಿಯಂಚಿನಲ್ಲಿ ನಗು ಮೂಡಿತು, ಮೆಲ್ಲಗೆ.

"ಮೇಜು ನಿಮಗೆ ಅಂತ ಹೇಳಿ ಬಂದಿದೀನಿ," ಎಂದಳು ನೆಲ ನೋಡುತ್ತ.

"ನಂಗೆ ಮೇಜು ಬೇಡ. ವಾರಕ್ಕೆ ಮೂರು ದಿನ ಇಲ್ಲೇ ಮತ್ತೆ ಕೆಲಸ ಕೊಟ್ಟಿದಾರೆ. ಉಳಿದ ದಿನ ಆ ಮೇಜಿನ ಒಂದು ಮೂಲೆ ಕೊಡಿ, ಸಾಕು. ನೀವು ಆ ಕಡೆ ನಿಂತಿರಬೇಕು, ಅಷ್ಟೇ." ಜ್ವಾಲೆಯ ಕಡೆ ತಿರುಗಿ ಹೇಳಿದ, "ನಂಗೂ ತಲೆ ಕೆಟ್ಟು ಬಹಳ ದಿನ ಆಯ್ತು."

ಅವಳು ಕಣ್ಣೊರೆಸಿಕೊಂಡಳು. "ಬರ್ತೀರಾ ಹಾಗಾದ್ರೆ? ಐದನೇ ಟ್ಯೂಬ್ ಹೊಸದಾಗಿ ಬಗ್ಗಿಸಬೇಕು."

"ಈ ಫ್ಲಾಸ್ಕ್ ಮುಗಿಸಿ ಬಂದೆ. ಹತ್ತು ನಿಮಿಷ."

"ಹತ್ತೇನಾ?"

"ಹನ್ನೊಂದಾದ್ರೆ?"

ಅವಳು ಮೂಲೆಯ ಸ್ಟೂಲನ್ನು ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು.

"ಸಂಜೆಯಾದ್ರೂ ಕಾಯ್ತೀನಿ."